ಮಳೆಯನ್ನು ಕೇಳದ ಕಂದಾಯ: ಬ್ರಿಟಿಷ್ ಆಳ್ವಿಕೆಯಲ್ಲಿ ತುಂಗಭದ್ರೆಯ ಎರಡೂ ದಡದ ರೈತರು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ಹೊರಟರೆ ಹರಿಹರದ ತುಂಗಭದ್ರಾ ಸೇತುವೆ ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ದಾರಿಯುದ್ದಕ್ಕೂ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳು ಕಾಣುತ್ತವೆ. ಈ ಹಸಿರನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ಇದೊಂದು ಕಾಲದಲ್ಲಿ ಬರದ ಸೀಮೆಯಾಗಿತ್ತೆಂದು ಹೇಳಿದರೆ ನಂಬುವುದು ಕಷ್ಟ. ಆದರೆ ನಾಲೆ ಬಂದದ್ದು ಸ್ವಾತಂತ್ರ್ಯದ ನಂತರ. ಅದಕ್ಕೆ ಮೊದಲು ಇಲ್ಲಿನ ಕೆಂಪು ಮಸಾರಿಯಲ್ಲಿ ರಾಗಿ, ನವಣೆ, ಹುರುಳಿ ಬೆಳೆಯುತ್ತಿದ್ದವು. ಕಪ್ಪು ಎರೆಭೂಮಿಯಲ್ಲಿ ಜೋಳ ಮತ್ತು ಹತ್ತಿ. ಕೆರೆಯ ಕೆಳಗಿನ ಒಂದಿಷ್ಟು ಗದ್ದೆಯನ್ನು ಬಿಟ್ಟರೆ ಉಳಿದದ್ದೆಲ್ಲ ಮುಗಿಲನ್ನು ನಂಬಿದ ಬೇಸಾಯ.

ಬ್ರಿಟಿಷರ ಕಾಲದ ರೈತನ ಸ್ಥಿತಿಯನ್ನು ಅರಿಯಲು ಹರಿಹರದಷ್ಟು ಅನುಕೂಲವಾದ ಸ್ಥಳ ಬೇರೊಂದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಮೂರು ಆಡಳಿತಗಳು ಕೂಡುವ ಮೂಲೆಯಾಗಿತ್ತು. ಹೊಳೆಯ ಈಚೆ ದಡ ಮೈಸೂರು ಸಂಸ್ಥಾನ. ಆಚೆ ದಡದ ರಾಣೇಬೆನ್ನೂರು ಸೀಮೆ 1818ರಲ್ಲಿ ಪೇಶ್ವೆಯ ಪತನದ ನಂತರ ಕಂಪನಿಯ ಕೈಸೇರಿ, ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತ್ಯಕ್ಕೆ ಒಳಪಟ್ಟಿತು. ಉತ್ತರಕ್ಕಿರುವ ಹರಪನಹಳ್ಳಿಯು 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಕಂಪನಿಗೆ ಸಂದ ಪ್ರದೇಶದಲ್ಲಿ ಸೇರಿ, ಬಳ್ಳಾರಿಯೊಂದಿಗೆ ಮದರಾಸು ಪ್ರಾಂತ್ಯವಾಯಿತು. ಒಂದೇ ಭಾಷೆ, ಒಂದೇ ಮಣ್ಣು, ಒಂದೇ ಮಳೆ; ಕಂದಾಯದ ಕಾನೂನು ಮಾತ್ರ ಮೂರು ಬಗೆ. ಮೂರೂ ಕಡೆ ರೈತನ ಗತಿ ಏನಾಯಿತೆಂಬುದನ್ನು ಜೊತೆಗಿಟ್ಟು ನೋಡಿದಾಗ, ಇತಿಹಾಸದ ಪಠ್ಯಗಳಲ್ಲಿ ಎರಡೇ ಸಾಲಿನಲ್ಲಿ ಮುಗಿದುಹೋಗುವ ವಿಷಯವು ಬೇರೆಯೇ ರೂಪದಲ್ಲಿ ತೆರೆದುಕೊಳ್ಳುತ್ತದೆ.

ಬ್ರಿಟಿಷರಿಗಿಂತ ಮೊದಲು ಎಲ್ಲವೂ ಸುಖಮಯವಾಗಿತ್ತೆಂದು ಹೇಳುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ರೈತನ ಬೆನ್ನ ಮೇಲೆ ಭಾರ ಹೇರದ ಅರಸರು ವಿರಳ. ಕೆಳದಿಯ ಶಿವಪ್ಪ ನಾಯಕನು ಹೊಲಗಳ ಉತ್ಪತ್ತಿಯನ್ನು ಹಲವು ವರ್ಷ ಅಳೆಯಿಸಿ, ಸರಾಸರಿ ಕಟ್ಟಿ, ಅದರ ಮೂರನೆಯ ಒಂದು ಪಾಲನ್ನು ‘ಶಿಸ್ತು’ ಎಂದು ಗೊತ್ತುಪಡಿಸಿದ. ಅವನ ನಂತರ ಬಂದವರು ಆ ಶಿಸ್ತಿನ ಮೇಲೆ ಒಂದೊಂದಾಗಿ ‘ಪಟ್ಟಿ’ಗಳನ್ನು ಏರಿಸುತ್ತ ಹೋದರು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರೂ ಕಂದಾಯವನ್ನು ಕಟ್ಟುನಿಟ್ಟಾಗಿಯೇ ವಸೂಲು ಮಾಡಿದವರು. ಯುದ್ಧದ ಮೇಲೆ ಯುದ್ಧ ನಡೆಸಿದ ರಾಜ್ಯಕ್ಕೆ ಹಣ ಎಲ್ಲಿಂದಾದರೂ ಬರಲೇಬೇಕಿತ್ತು. ಆದರೂ ಆ ಆಡಳಿತಕ್ಕೆ ರೈತನನ್ನು ಹೊಲದಲ್ಲಿ ಉಳಿಸಿಕೊಳ್ಳುವ ಅಗತ್ಯದ ಅರಿವಿತ್ತು. ಟಿಪ್ಪುವಿನ ಕಂದಾಯ ನಿಯಮಾವಳಿಯಲ್ಲಿ ನೇಗಿಲು ಕೊಳ್ಳಲಾಗದ ಬಡ ರೈತನಿಗೆ ತಕಾವಿ ಸಾಲ ಕೊಡಬೇಕೆಂಬ ವಿಧಿಯಿದೆ. ಕಾವೇರಿಗೆ ಅಣೆಕಟ್ಟು ಕಟ್ಟಿಸುವ ಉದ್ದೇಶದಿಂದ ಅವನು ಬರೆಯಿಸಿದ ಪಾರ್ಸಿ ಶಾಸನವು ಕೃಷ್ಣರಾಜಸಾಗರದಲ್ಲಿ ಇಂದಿಗೂ ಇದೆ. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ಕಾಲು ಭಾಗದ ವಿನಾಯಿತಿಯನ್ನು ಅದು ಘೋಷಿಸುತ್ತದೆ. ನಮ್ಮ ದಾವಣಗೆರೆಯೂ ಆ ಕಾಲದ ಕೂಸು. ಹಳ್ಳಿಯಾಗಿದ್ದ ಇದನ್ನು ಹೈದರ್ ಅಲಿಯು ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿ ಪೇಟೆಯನ್ನು ಬೆಳೆಸಿದ. ಇಲ್ಲಿನ ಕಂಬಳಿಗಳಿಗೆ ದೂರದೂರದಿಂದ ಬೇಡಿಕೆಯಿತ್ತು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಹುತಾತ್ಮನಾದ. ನಮ್ಮ ಮನೆಗಳಲ್ಲಿ ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ರೈತನ ಕಥೆ ಆರಂಭವಾಗುವುದು ಇದರ ಎರಡು ತಿಂಗಳ ನಂತರ. ಜುಲೈ 8ರಂದು ಬಾಲಕನಾಗಿದ್ದ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಂಪನಿಯು ಸಹಾಯಕ ಸೈನ್ಯದ ಒಪ್ಪಂದವೊಂದನ್ನು ಮಾಡಿಕೊಂಡಿತು. ಅದರ ಪ್ರಕಾರ ಮೈಸೂರು ಸಂಸ್ಥಾನವು ಕಂಪನಿಯ ಸೈನ್ಯದ ವೆಚ್ಚಕ್ಕೆಂದು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಾಗಳನ್ನು, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ಹನ್ನೆರಡು ಸಮನಾದ ಮಾಸಿಕ ಕಂತುಗಳಲ್ಲಿ ಸಲ್ಲಿಸಬೇಕಿತ್ತು. ಸಂಸ್ಥಾನಕ್ಕೆ ಬಿಟ್ಟುಕೊಟ್ಟ ಪ್ರದೇಶದಿಂದ ಅಂದು ಅಂದಾಜು ಮಾಡಿದ್ದ ಉತ್ಪತ್ತಿಯಲ್ಲಿ ಇದು ಅರ್ಧಕ್ಕಿಂತಲೂ ಹೆಚ್ಚು.

ಹನ್ನೆರಡು ಸಮನಾದ ಕಂತುಗಳು! ರಾಗಿಯ ಸುಗ್ಗಿ ವರ್ಷಕ್ಕೊಮ್ಮೆ. ಮುಂಗಾರು ಒಂದು ವರ್ಷ ಬೇಗ ಬಂದೀತು, ಇನ್ನೊಂದು ವರ್ಷ ಬಾರದೆಯೂ ಹೋದೀತು. ಒಪ್ಪಂದದ ಆ ಸಂಖ್ಯೆಗೆ ಇದು ಯಾವುದೂ ತಿಳಿದಿರಲಿಲ್ಲ. ದಿವಾನ್ ಪೂರ್ಣಯ್ಯನವರು ತಮ್ಮ ಜಾಣ್ಮೆಯಿಂದ ಹನ್ನೆರಡು ವರ್ಷ ಈ ಭಾರವನ್ನು ಹೊತ್ತು ಖಜಾನೆಯನ್ನೂ ತುಂಬಿಸಿದರು. ರೈತನಿಂದ ಎಷ್ಟು ಹಿಂಡಿ ತುಂಬಿಸಿದರು ಎಂಬುದರ ಕುರಿತು ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. 1807ರಲ್ಲಿ ನಾಲ್ಕು ಸಾವಿರ ಕುದುರೆ ಸವಾರರನ್ನು ಕಂಪನಿಯ ಉಪಯೋಗಕ್ಕೆ ಸಿದ್ಧವಾಗಿಡುವ ಹೊಣೆಯೂ ಸಂಸ್ಥಾನದ ಮೇಲೆ ಬಿತ್ತು.

ಪೂರ್ಣಯ್ಯನವರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ‘ಶರತ್ತು’ ಪದ್ಧತಿ ಬಲವಾಯಿತು. ತಾಲ್ಲೂಕಿನಿಂದ ಇಂತಿಷ್ಟು ಹಣ ತರುತ್ತೇನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡುತ್ತಿದ್ದ. ಕಡಿಮೆಯಾದರೆ ಅವನ ಕೈಯಿಂದ ಹೋಗುವುದು. ಆದುದರಿಂದ ಕಡಿಮೆಯಾಗಲು ಅವನು ಬಿಡುತ್ತಿರಲಿಲ್ಲ. ಅರಮನೆಯ ದುಂದುವೆಚ್ಚ ಇದಕ್ಕೆ ಕಾರಣವೆಂದು ಇಂಗ್ಲಿಷ್ ವರದಿಗಳು ಬಾರಿಬಾರಿಗೂ ಹೇಳುತ್ತವೆ. ಅದು ಸುಳ್ಳಲ್ಲ. ಆದರೆ ಅರಮನೆಯ ಖರ್ಚಿಗಿಂತ ಮೊದಲು ತಿಂಗಳು ತಪ್ಪದೆ ಹೊರಹೋಗಬೇಕಾಗಿದ್ದ ಕಂತನ್ನು ಅದೇ ವರದಿಗಳು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಅಮಲ್ದಾರನ ಚಾವಟಿಯ ಹಿಂದೆ ಮೈಸೂರಿನ ಖಜಾನೆಯಿತ್ತು. ಮೈಸೂರಿನ ಖಜಾನೆಯ ಹಿಂದೆ ಒಪ್ಪಂದದ ಆ ಸಂಖ್ಯೆಯಿತ್ತು.

1830ರ ಮಳೆಗಾಲದಲ್ಲಿ ನಗರ ಸೀಮೆಯ ರೈತರು ತಾಳ್ಮೆ ಕಳೆದುಕೊಂಡರು. ಅಲ್ಲಲ್ಲಿ ‘ಕೂಟ’ ಸೇರಿ ಕಂದಾಯ ಕೊಡುವುದಿಲ್ಲವೆಂದು ನಿಂತರು. ಇಂದಿನ ದಾವಣಗೆರೆ ಜಿಲ್ಲೆಯ ಹೊನ್ನಾಳಿ, ಚನ್ನಗಿರಿ ಸೀಮೆಗಳೂ ಈ ಬೇಗೆಯಿಂದ ಹೊರಗುಳಿಯಲಿಲ್ಲ. ಸಾದರ ಮಲ್ಲ ಎಂಬ ಸಾಮಾನ್ಯನೊಬ್ಬ ಬೂದಿ ಬಸವಪ್ಪನೆಂಬ ಹೆಸರಿನಲ್ಲಿ ತಾನು ಕೆಳದಿ ಅರಸರ ವಂಶದವನೆಂದು ಹೇಳಿಕೊಂಡು ಮುಂದೆ ಬಂದ. ತರೀಕೆರೆಯ ಪಾಳೆಯಗಾರನೂ ಸೇರಿಕೊಂಡ. ಅದೇ ಹೊತ್ತಿನಲ್ಲಿ ಘಟ್ಟದ ಕೆಳಗೆ, ನೇರವಾಗಿ ಕಂಪನಿಯ ಕಲೆಕ್ಟರನೇ ಆಳುತ್ತಿದ್ದ ಕೆನರಾ ಜಿಲ್ಲೆಯಲ್ಲಿಯೂ ರೈತರು ಕೂಟ ಕಟ್ಟಿ ಕಂದಾಯ ನಿಲ್ಲಿಸಿದರು ಎಂಬುದು ಗಮನಾರ್ಹ. ಅಲ್ಲಿ ದೂಷಿಸಲು ದುಂದುಗಾರ ಅರಸನಿರಲಿಲ್ಲ.

ದಂಗೆಯನ್ನು ಅಡಗಿಸಲು ಕಂಪನಿಯ ಸೈನ್ಯವೇ ಬಂದಿತು. 1831ರ ಜೂನ್‌ನಲ್ಲಿ ನಗರ ಕೈವಶವಾಯಿತು. ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ಸಂಸ್ಥಾನದ ಕಪ್ಪಕ್ಕೆ ಅಪಾಯವಿದೆಯೆಂಬ ಕಾರಣ ಮುಂದಿಟ್ಟು, ರಾಜ್ಯದ ಆಡಳಿತವನ್ನೇ ವಹಿಸಿಕೊಂಡ. ರೈತನ ಗೋಳು ಐವತ್ತು ವರ್ಷಗಳ ಇಂಗ್ಲಿಷ್ ಕಮಿಷನರುಗಳ ಆಡಳಿತಕ್ಕೆ ನೆಪವಾಯಿತು. ಆ ಗೋಳಿಗೆ ಕಾರಣವಾದ ಕಪ್ಪ ಮಾತ್ರ ಒಂದು ಕಾಸೂ ಇಳಿಯಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಶರತ್ತು ಪದ್ಧತಿಯನ್ನು ಅಳಿಸಿದರು. 769 ಬಗೆಯ ಚಿಲ್ಲರೆ ತೆರಿಗೆಗಳನ್ನು ರದ್ದುಪಡಿಸಿದರು. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ. ಒಂದು ಹಳ್ಳಿಯವರ ಪೂರ್ವಿಕರು ಪಾಳೆಯಗಾರನ ಕಳೆದುಹೋದ ಕುದುರೆಯನ್ನು ಹುಡುಕಿಕೊಡಲಿಲ್ಲವೆಂದು ಅವರ ಮಕ್ಕಳು ಮೊಮ್ಮಕ್ಕಳೂ ತೆರಿಗೆ ಕಟ್ಟುತ್ತಿದ್ದರಂತೆ! ಇಂಥವನ್ನು ತೆಗೆದುಹಾಕಿದವರ ಹೆಸರನ್ನು ಜನ ನೆನೆದರೆ ತಪ್ಪಿಲ್ಲ. ಬೆಂಗಳೂರಿನ ಉದ್ಯಾನಕ್ಕೆ ಆ ಹೆಸರು ಸುಮ್ಮನೆ ಅಂಟಿಕೊಂಡಿಲ್ಲ.

ಇನ್ನು ಹರಪನಹಳ್ಳಿಯ ಕಡೆ. ನಿಜಾಮನು ಬಳ್ಳಾರಿ, ಕಡಪ ಮೊದಲಾದ ಸೀಮೆಗಳನ್ನು ಬಿಟ್ಟುಕೊಟ್ಟದ್ದೂ ಕಂಪನಿಯ ಸೈನ್ಯದ ವೆಚ್ಚಕ್ಕಾಗಿಯೇ. ಅಲ್ಲಿಗೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಹೊಲ ಹೊಲವನ್ನೂ ಅಳೆಯಿಸಿ, ಪ್ರತಿಯೊಬ್ಬ ರೈತನೊಂದಿಗೆ ಸರ್ಕಾರವೇ ನೇರವಾಗಿ ಲೆಕ್ಕ ಇಟ್ಟುಕೊಳ್ಳುವ ರೈತವಾರಿ ಪದ್ಧತಿಯನ್ನು ಬೆಳೆಸಿದರು. ಜಮೀನ್ದಾರನಿಲ್ಲ, ಗುತ್ತಿಗೆದಾರನಿಲ್ಲ, ಕೇಳಲು ಹಿತವಾಗಿಯೇ ಇದೆ. ಆದರೆ ವಿಧಿಸಿದ ದರ ಉತ್ಪತ್ತಿಯ ಅರ್ಧದ ಸಮೀಪಕ್ಕೆ ಬರುತ್ತಿತ್ತು. ಅದು ಹೆಚ್ಚೆಂದು ಮೊದಲು ಹೇಳಿದವರು ಸ್ವತಃ ಮನ್ರೋ ಅವರೇ. 1807ರಲ್ಲಿ ಕಂದಾಯವನ್ನು ಶೇಕಡಾ 25ರಷ್ಟು ಇಳಿಸಬೇಕೆಂದು ಅವರು ಶಿಫಾರಸು ಮಾಡಿದರು. ಮದರಾಸಿನ ಸರ್ಕಾರ ಅದನ್ನು ಬದಿಗಿಟ್ಟು ಗುತ್ತಿಗೆಯ ಪ್ರಯೋಗಕ್ಕೆ ಕೈಹಾಕಿತು. ಮುಂದೆ 1820ರಲ್ಲಿ ಮನ್ರೋ ತಾವೇ ಗವರ್ನರ್ ಆಗಿ ಬಂದ ಮೇಲಷ್ಟೇ ಆ ಇಳಿತ ರೈತರಿಗೆ ದೊರೆಯಿತು. ಹೊಲ ಅಳೆದವನೇ ಹೆಚ್ಚೆಂದ ಕಂದಾಯವನ್ನು ರೈತ ಮತ್ತೆ ಹದಿಮೂರು ವರ್ಷ ತೆತ್ತ ಬಗೆ ಇದು.

ನಮ್ಮ ಓದುಗರಿಗೆ ಈ ವ್ಯವಸ್ಥೆಯ ಮೂಲದೋಷವು ಉಶ್ರ್‌ನ ಲೆಕ್ಕದಿಂದ ಬೇಗ ತಿಳಿದೀತು. ಮಳೆಯ ನೀರಿನಿಂದ ಬೆಳೆದ ಬೆಳೆಯಲ್ಲಿ ಹತ್ತನೆಯ ಒಂದು ಪಾಲು, ನೀರೆತ್ತಿ ಶ್ರಮಪಟ್ಟು ಬೆಳೆದದ್ದರಲ್ಲಿ ಇಪ್ಪತ್ತನೆಯ ಒಂದು ಪಾಲು, ಅದೂ ಕಟಾವಿನ ದಿನ. ಶ್ರಮ ಹೆಚ್ಚಿದ ಕಡೆ ಪಾಲು ಕಡಿಮೆ. ಬೆಳೆ ಬಾರದಿದ್ದರೆ ಕೊಡಬೇಕಾದದ್ದೂ ಇಲ್ಲ. ಉಶ್ರ್ ಒಂದು ಆರಾಧನೆ, ಕಂದಾಯವು ಸರ್ಕಾರದ ಆದಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎನ್ನಬಹುದು. ಒಪ್ಪೋಣ. ಇಲ್ಲಿ ಹೇಳಬೇಕಾದದ್ದು ಇಷ್ಟೆ: ಒಂದು ಲೆಕ್ಕವು ಕಣಕ್ಕೆ ಬಂದು ರಾಶಿಯನ್ನು ನೋಡುತ್ತದೆ, ಇನ್ನೊಂದು ದಫ್ತರದಲ್ಲಿ ಕುಳಿತು ಎಕರೆಯನ್ನು ನೋಡುತ್ತದೆ. ರೈತವಾರಿಯಲ್ಲಿ ಕಂದಾಯ ಬಿದ್ದದ್ದು ಬೆಳೆಯ ಮೇಲಲ್ಲ, ನೆಲದ ಮೇಲೆ. ಬಿತ್ತಿದ ಬೀಜವೂ ಮರಳದ ವರ್ಷ ರಿಯಾಯಿತಿ ಕೊಡುವ ಅವಕಾಶ ಕಾಗದದಲ್ಲಿತ್ತು. ಅದನ್ನು ಪಡೆಯಬೇಕಾದರೆ ಶಾನುಭೋಗನಿಂದ ಹಿಡಿದು ಜಮಾಬಂದಿಯ ಸಾಹೇಬನವರೆಗೆ ಎಲ್ಲರ ಕೃಪೆ ಬೇಕಿತ್ತು.

ಕಾಳಿನಿಂದ ಕಾಸಿಗೆ ತಿರುಗಿದ ಈ ಕಂದಾಯ ಎಷ್ಟು ಕಹಿಯಾಗಿತ್ತೆಂಬುದಕ್ಕೆ ಸುಳ್ಯದ ಉದಾಹರಣೆ ಸಾಕು. ಕೊಡಗಿನ ಅರಸರ ಕಾಲದಲ್ಲಿ ಅಮರ ಸುಳ್ಯದ ಕಡೆಯ ರೈತರು ಕಂದಾಯವನ್ನು ಧಾನ್ಯದ ರೂಪದಲ್ಲಿ ಒಪ್ಪಿಸುತ್ತಿದ್ದರು. 1834ರಲ್ಲಿ ಕೊಡಗನ್ನು ಕಂಪನಿ ನುಂಗಿದ ಮೇಲೆ ಆ ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿ, ಹಣವನ್ನೇ ಕಟ್ಟಬೇಕೆಂದು ವಿಧಿಸಲಾಯಿತು. ಹಣ ಇದ್ದದ್ದು ಸಾಹುಕಾರನ ಬಳಿ. ಕಂತಿನ ಗಡುವಿಗೆ ಸರಿಯಾಗಿ ಎಲ್ಲರೂ ಒಮ್ಮೆಗೇ ಭತ್ತ ಮಾರಲು ಬಂದಾಗ ಬೆಲೆ ಏನಾಗುವುದೆಂದು ಇಂದಿನ ಎ.ಪಿ.ಎಂ.ಸಿ. ಯಾರ್ಡಿಗೆ ಹೋಗಿಬರುವ ರೈತನಿಗೂ ಗೊತ್ತು. ಉಪ್ಪು ಮತ್ತು ಹೊಗೆಸೊಪ್ಪಿನ ಮೇಲೆ ಕಂಪನಿಯ ಏಕಸ್ವಾಮ್ಯವೂ ಇದಕ್ಕೆ ಸೇರಿ, 1837ರಲ್ಲಿ ಅಲ್ಲಿನ ರೈತರು ದಂಗೆಯೆದ್ದು ಮಂಗಳೂರಿನವರೆಗೂ ನಡೆದರು. ಕೆಲವು ದಿನ ಊರನ್ನು ತಮ್ಮ ವಶದಲ್ಲಿಟ್ಟುಕೊಂಡರು. ಇತ್ತ ಮೈಸೂರಿನಲ್ಲಿಯೂ 1863ರಿಂದ ಮುಂಬಯಿ ಮಾದರಿಯ ಸರ್ವೆ ಆರಂಭವಾಗಿ, ಮೂವತ್ತು ವರ್ಷಗಳಿಗೆ ಕಂದಾಯ ನಿಗದಿಯಾಗತೊಡಗಿತು.

ಹಣ ಬೇಕಾದಾಗ ಸಾಲ, ಸಾಲಕ್ಕೆ ಬಡ್ಡಿ. ಬಡ್ಡಿಯ ವ್ಯವಹಾರ ಹಿಂದೆ ಇರಲಿಲ್ಲವೆಂದಲ್ಲ. ಆದರೆ ಹಳೆಯ ಕಾಲದಲ್ಲಿ ಸಾಲಗಾರನ ಹೊಲವನ್ನು ಕಿತ್ತುಕೊಂಡು ಸಾಹುಕಾರ ಮಾಡುವುದೇನಿತ್ತು? ನೆಲ ಬೇಕಾದಷ್ಟಿತ್ತು, ಉಳುವವರು ಕಡಿಮೆಯಿದ್ದರು. ಊರಿನ ಹಿರಿಯರ ಮಾತೂ ಇತ್ತು. ಬ್ರಿಟಿಷ್ ಸರ್ವೆಯು ಪ್ರತಿಯೊಂದು ಹೊಲಕ್ಕೂ ಸಂಖ್ಯೆ, ಖಾತೆ, ಒಡೆಯನ ಹೆಸರು ಕೊಟ್ಟು ನೆಲವನ್ನು ಅಡವಿಡಬಹುದಾದ, ಮಾರಬಹುದಾದ ಸರಕನ್ನಾಗಿ ಮಾಡಿತು. ದಿವಾನಿ ಕೋರ್ಟುಗಳು ಚಕ್ರಬಡ್ಡಿಯ ಪತ್ರವನ್ನು ಪತ್ರವೆಂದೇ ಓದಿದವು. ಹೆಬ್ಬೆಟ್ಟು ಒತ್ತಿದವನು ಅದರಲ್ಲೇನಿದೆಯೆಂದು ಅರಿತಿದ್ದನೋ ಇಲ್ಲವೋ ಎಂದು ಕೇಳಲಿಲ್ಲ. ಡಿಕ್ರಿ, ಜಪ್ತಿ, ಹರಾಜು ಎಂಬ ಶಬ್ದಗಳು ಹಳ್ಳಿಗರ ದಿನನಿತ್ಯದ ಮಾತಿಗೆ ಸೇರಿಹೋದವು. 1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸುಟ್ಟದ್ದು ಮುಖ್ಯವಾಗಿ ಆ ಸಾಲಪತ್ರಗಳನ್ನು. ಅದಾದ ನಾಲ್ಕು ವರ್ಷಕ್ಕೆ ದಖ್ಖನಿನ ರೈತರ ಪರಿಹಾರ ಕಾಯಿದೆ ಬಂದಿತು.

ಇನಾಮು ಜಮೀನುಗಳ ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಮಸೀದಿ, ದರ್ಗಾ, ಗುಡಿ, ಮಠಗಳಿಗೆ, ಖಾಜಿಗಳಿಗೆ, ಕೆರೆ ಕಟ್ಟಿಸಿದವರಿಗೆ ಹಿಂದಿನ ಅರಸರು ಬಿಟ್ಟಿದ್ದ ಭೂಮಿಗಳ ಹಕ್ಕನ್ನು ಇನಾಮು ಕಮಿಷನ್ನುಗಳು ಒಂದೊಂದಾಗಿ ಪರಿಶೀಲಿಸಿದವು. ಸನದು ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ಗೆದ್ದಲು ತಿಂದ, ದಂಡು ಬಂದಾಗ ಸುಟ್ಟ, ಹೊಳೆಯಲ್ಲಿ ಹೋದ ಕಾಗದಕ್ಕೆ ಉತ್ತರವಿರಲಿಲ್ಲ. ಕೆರೆಯ ದುರಸ್ತಿಗೆಂದು ಬಿಟ್ಟಿದ್ದ ಕಟ್ಟುಕೊಡಗಿಯಂಥ ಹಕ್ಕುಗಳು ಸಡಿಲವಾದಾಗ ಕೆರೆಯ ಹೂಳಿಗೂ ದಿಕ್ಕಿಲ್ಲದಂತಾಯಿತು. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ, ಈ ರಾಜ್ಯದಲ್ಲಿ ಹೊಸ ಕೆರೆಯೊಂದಕ್ಕೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ದಟ್ಟವಾಗಿ ಜನರು ಕೆರೆಗಳನ್ನು ಕಟ್ಟಿದ್ದಾರೆಂದು ಬೆರಗಿನಿಂದ ಬರೆದರು. ಚನ್ನಗಿರಿಯ ಸೂಳೆಕೆರೆಯನ್ನು ನೋಡಿದವರಿಗೆ ಆ ಬೆರಗು ಅರ್ಥವಾಗುತ್ತದೆ. ಅಂಥ ಕೆರೆಗಳನ್ನು ಕಟ್ಟಿದ ಜನರೇ ಹತ್ತು ವರ್ಷದ ನಂತರ ಹಸಿವಿನಿಂದ ಸಾಯಲಿದ್ದರು.

ಈಗ ಹತ್ತಿಯ ಮಾತಿಗೆ ಬರೋಣ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ನಾವು ಹೆಮ್ಮೆಯಿಂದ ಕರೆದುಕೊಂಡೆವು. ಆ ಹೋಲಿಕೆಯೊಳಗಿರುವ ವ್ಯಂಗ್ಯವನ್ನು ನಾನು ಬಹಳ ತಡವಾಗಿ ಗಮನಿಸಿದೆ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬೇಕಿತ್ತು. ಆ ಗಿರಣಿಗಳ ಬಟ್ಟೆಗೆ ಕೊಳ್ಳುವವರು ಬೇಕಿತ್ತು. 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜವನ್ನು ತಂದು ಧಾರವಾಡದ ಎರೆಭೂಮಿಯಲ್ಲಿ ಬಿತ್ತಿಸಿದರು. ದೇಶದ ಇತರ ಕಡೆ ಸೋತ ಆ ಪ್ರಯೋಗ ಇಲ್ಲಿ ಕೈಹತ್ತಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರೇ ನಿಂತಿತು. ನಾಡಹತ್ತಿಯು ಎತ್ತಿನ ಬೆನ್ನ ಮೇಲೆ, ಗಾಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗೇರುತ್ತಿತ್ತು. ಆದುದರಿಂದ ಕುಮಟೆಯಲ್ಲಿ ಒಂದು ಗಿಡವೂ ಬೆಳೆಯದಿದ್ದರೂ ವಿಲಾಯತಿಯ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿನ ಹತ್ತಿ ನಿಂತಾಗ ಇಲ್ಲಿ ಬೆಲೆ ಮುಗಿಲಿಗೇರಿತು. ಜೋಳದ ಹೊಲಗಳೆಲ್ಲ ಹತ್ತಿಯಾದವು. ಸಾಹುಕಾರರು ಕೇಳಿದ್ದಕ್ಕಿಂತ ಹೆಚ್ಚು ಸಾಲ ಕೊಟ್ಟರು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು. ಸಾಲ ಮಾತ್ರ ನಿಂತಲ್ಲೇ ನಿಂತು ಬೆಳೆಯಿತು. ಹರಿಹರದ ಹೊಳೆಗೆ ಅಡ್ಡಲಾಗಿ ಕಲ್ಲು, ಇಟ್ಟಿಗೆಯ ಕಮಾನುಗಳ ಸೇತುವೆ ಮುಗಿದದ್ದು 1868ರಲ್ಲಿ. ಗಾಡಿಗಳ ದಾರಿ ಸುಗಮವಾಗುವ ಹೊತ್ತಿಗೆ ಹತ್ತಿಯ ಸುಗ್ಗಿಯೇ ಮುಗಿದುಹೋಗಿತ್ತು.

ಹತ್ತಿಯೊಂದಿಗೆ ಬದುಕು ಕಟ್ಟಿಕೊಂಡಿದ್ದ ಇನ್ನೊಂದು ಸಮುದಾಯವಿದೆ. ನಮ್ಮವರೇ ಆದ ಪಿಂಜಾರರು, ನದಾಫರು. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ, ಧಾರವಾಡದ ಹಳ್ಳಿಹಳ್ಳಿಗಳಲ್ಲಿ ಬಿಲ್ಲು ಹೆಗಲಿಗೇರಿಸಿ ಹತ್ತಿ ಹಿಂಜುತ್ತಿದ್ದ ಕುಟುಂಬಗಳು. ಅವರು ಹಿಂಜಿದ ಹತ್ತಿಯನ್ನು ಎಲ್ಲ ಜಾತಿಯ ಹೆಂಗಸರು ಮನೆಯಲ್ಲಿ ನೂಲುತ್ತಿದ್ದರು. ಆ ನೂಲು ನೇಕಾರನಿಗೆ ಹೋಗುತ್ತಿತ್ತು. ವಿಧವೆಗೆ, ಬಡವಿಗೆ ಆ ರಾಟೆಯೇ ಆಸರೆ. ಗಿರಣಿಯ ನೂಲು ಬಂದಾಗ ರಾಟೆ ನಿಂತಿತು. ರಾಟೆ ನಿಂತಾಗ ಪಿಂಜಾರನ ಬಿಲ್ಲಿಗೆ ಗಾದಿ, ದಿಂಬುಗಳಷ್ಟೇ ಉಳಿದವು. ನೇಕಾರ, ಪಿಂಜಾರ ಇಬ್ಬರೂ ಕೂಲಿಗಾಗಿ ಹೊಲಕ್ಕೆ ಇಳಿದರು. ಮೊದಲೇ ಸೋತಿದ್ದ ನೆಲಕ್ಕೆ ಹೊಸ ಹೊಟ್ಟೆಗಳು ಸೇರಿದವು. ನಮ್ಮ ಊರಿನ ಗಾದಿ ಅಂಗಡಿಗಳ ಮುಂದೆ ಹಾದುಹೋಗುವಾಗ ಈ ಮಾತನ್ನು ಯಾರಾದರೂ ಮಕ್ಕಳಿಗೆ ಹೇಳಿದರೆ ಒಳ್ಳೆಯದು.

ಈ ಸೀಮೆಯ ಹಳ್ಳಿಗಳಲ್ಲಿ ‘ಹಗೇವು’ ಎಂಬುದೊಂದಿತ್ತು. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರ‍ಾಗಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೀಗಿಟ್ಟ ರಾಗಿ ಹತ್ತು ವರ್ಷ ಕೆಡದೆ ಉಳಿಯುತ್ತದೆಂದು ಕೇಳಿ ಬರೆದುಕೊಂಡಿದ್ದಾನೆ. ರೈತನ ಬ್ಯಾಂಕು ಅದು, ಬಡ್ಡಿಯಿಲ್ಲದ ಬ್ಯಾಂಕು. ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ತೆರೆಯುತ್ತಿದ್ದರು. ಎರಡನೆಯ ವರ್ಷಕ್ಕೂ ಉಳಿಯುತ್ತಿತ್ತು. ಕಂದಾಯಕ್ಕೆ ಕಾಸು, ಸಾಲಕ್ಕೆ ಕಾಸು, ಬಟ್ಟೆಗೆ ಕಾಸು ಬೇಕಾದ ಮೇಲೆ ಕಣದ ಕಾಳು ಹಗೇವಿಗೆ ಹೋಗದೆ ಪೇಟೆಗೆ ಹೋಯಿತು. ಎಲ್ಲ ಹಗೇವುಗಳೂ ಬರಿದಾದವೆಂದಲ್ಲ. ಉಳ್ಳವರ ಹಗೇವು ತುಂಬಿಯೇ ಇದ್ದಿರಬಹುದು. ಬರಿದಾದದ್ದು ಬಡವನದು.

1876, ಧಾತು ಸಂವತ್ಸರ. ಹಿಂದಿನ ವರ್ಷದ ಬೆಳೆಯೂ ಅಷ್ಟಕ್ಕಷ್ಟೆ ಆಗಿತ್ತು. ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಈಶ್ವರ ಸಂವತ್ಸರದಲ್ಲಿಯೂ ಮಳೆ ಬಹುಕಾಲ ತಡೆಯಿತು. ರೈಲು ಅಂದು ಬೆಂಗಳೂರಿನವರೆಗೆ ಮಾತ್ರ ಇತ್ತು. ಅಲ್ಲಿಗೆ ಬಂದಿಳಿದ ಧಾನ್ಯವನ್ನು ದಾವಣಗೆರೆ, ಹರಿಹರದವರೆಗೆ ತರಬೇಕಾದ ಎತ್ತುಗಳು ಮೇವಿಲ್ಲದೆ ದಾರಿಯಲ್ಲಿಯೇ ಬಿದ್ದವು. ಸಂಸ್ಥಾನದಲ್ಲಿ ಸತ್ತ ದನಗಳ ಸಂಖ್ಯೆ ಎರಡೂವರೆ ಲಕ್ಷವೆಂದು ಅಂದಾಜು. ಎತ್ತು ಸತ್ತ ರೈತ ಮುಂದೆ ಮಳೆ ಬಂದರೂ ಉಳಲಾರ. ಬರ ಮುಗಿದ ಮೇಲೂ ಬರ ಮುಂದುವರಿಯುವುದು ಹೀಗೆ.

1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸುವ ದರ್ಬಾರು ನಡೆಸಿದ. ದಕ್ಷಿಣದ ಬರಪರಿಹಾರದ ಖರ್ಚನ್ನು ಬಿಗಿಮಾಡಲು ಅದೇ ತಿಂಗಳು ರಿಚರ್ಡ್ ಟೆಂಪಲ್ ಬಂದರು. ಮದರಾಸು ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಅಲ್ಪ ಕಾಸು ಸಾಕೆಂದು ಅವರು ಗೊತ್ತುಮಾಡಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಬಹಿರಂಗವಾಗಿಯೇ ವಾದಿಸಿದರು. ಕೆಲವು ತಿಂಗಳ ನಂತರ ಕೂಲಿಯನ್ನು ಏರಿಸಲಾಯಿತು. ಅಷ್ಟರಲ್ಲಿ ಹೋಗುವವರು ಹೋಗಿದ್ದರು. ಧಾನ್ಯದ ಬೆಲೆಯಲ್ಲಿ ಸರ್ಕಾರ ಕೈಹಾಕಬಾರದು, ವ್ಯಾಪಾರಕ್ಕೆ ಅಡ್ಡಿ ಬರಬಾರದು ಎಂಬುದು ಲಿಟ್ಟನ್ನನ ಸರ್ಕಾರದ ದೃಢನಂಬಿಕೆ. ಆ ಬರದ ವರ್ಷಗಳಲ್ಲಿಯೇ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹಡಗೇರುತ್ತಿತ್ತು.

ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಜನರಿದ್ದರು. 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂಮುಕ್ಕಾಲು ಲಕ್ಷದಷ್ಟು ಕುಗ್ಗಿತ್ತು. ಬಳ್ಳಾರಿ ಜಿಲ್ಲೆಯೂ ತನ್ನ ಜನರಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿತು. ಹೊಳೆಯ ಯಾವ ದಡದಲ್ಲಿದ್ದರೂ, ಕಂದಾಯದ ಕಾನೂನು ಯಾವುದಾಗಿದ್ದರೂ, ಭೂಮಿಯಿಲ್ಲದ ಕೂಲಿಗಳು, ಸಣ್ಣ ರೈತರು, ನೇಕಾರರು ಮೊದಲು ಸತ್ತರು.

ಮಳೆ ತಡೆದವರು ಬ್ರಿಟಿಷರಲ್ಲ. ಈ ಮಾತನ್ನು ಅವರ ಪರವಾದಿಗಳು ಅಂದೂ ಹೇಳಿದರು, ಇಂದೂ ಹೇಳುತ್ತಾರೆ. ಸ್ವತಃ ಐ.ಸಿ.ಎಸ್. ಅಧಿಕಾರಿಯಾಗಿದ್ದ ರಮೇಶಚಂದ್ರ ದತ್ತರು 1900ರಲ್ಲಿ ವೈಸರಾಯ್ ಕರ್ಜನ್‌ಗೆ ಬಹಿರಂಗ ಪತ್ರಗಳನ್ನು ಬರೆದು, ಅತಿಯಾದ, ಅನಿಶ್ಚಿತವಾದ ಕಂದಾಯವೇ ರೈತನನ್ನು ಒಂದು ವರ್ಷದ ಅನಾವೃಷ್ಟಿಯನ್ನೂ ತಾಳಲಾರದಂತೆ ಮಾಡಿದೆಯೆಂದು ವಾದಿಸಿದರು. 1902ರಲ್ಲಿ ಕರ್ಜನ್ ಸರ್ಕಾರ ದೀರ್ಘವಾದ ಉತ್ತರವನ್ನೇ ಹೊರಡಿಸಿತು: ಬರಕ್ಕೆ ಕಾರಣ ಮಳೆ, ಕಂದಾಯವಲ್ಲ. ಅನಾವೃಷ್ಟಿ ಹಿಂದೆಯೂ ಬಂದಿತ್ತು, ಹಿಂದೆಯೂ ಜನ ಸತ್ತಿದ್ದರು. ಆದರೆ ಹಗೇವು, ಕೆರೆ, ರಾಟೆ, ಊರಿನ ಹಿರಿಯರ ಮಾತು ಇವೆಲ್ಲವೂ ಬಡವನಿಗೂ ಬರಕ್ಕೂ ನಡುವೆ ನಿಲ್ಲುತ್ತಿದ್ದ ಗೋಡೆಗಳು. ಒಂದೊಂದೇ ಗೋಡೆ ಬಿದ್ದ ಮೇಲೆ ಬಂದ ಬರ ಇದು. ದತ್ತರ ವಾದದಲ್ಲಿ ಉತ್ಪ್ರೇಕ್ಷೆಯಿರಬಹುದು; ಕರ್ಜನ್ನನ ಉತ್ತರದಲ್ಲಿ ಈ ಗೋಡೆಗಳ ಲೆಕ್ಕವೇ ಇಲ್ಲ.

ಬರ ಕಳೆದ ಮೇಲೆ, 1881ರ ಮಾರ್ಚ್ 25ರಂದು ಇಂಗ್ಲಿಷರು ಮೈಸೂರನ್ನು ಚಾಮರಾಜ ಒಡೆಯರಿಗೆ ಮರಳಿಸಿದರು. ಜೊತೆಗೆ ಬರದ ಕಾಲದ 80 ಲಕ್ಷ ರೂಪಾಯಿ ಸಾಲವನ್ನೂ ಒಪ್ಪಿಸಿದರು. ವಾರ್ಷಿಕ ಕಪ್ಪವನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಿದರು. ಸಂಸ್ಥಾನದ ಸ್ಥಿತಿಯನ್ನು ಕಂಡು ಏರಿಕೆಯ ವಸೂಲಿಯನ್ನಷ್ಟೇ ಕೆಲಕಾಲ ಮುಂದೂಡಿದರು. 1896ರಿಂದ ಪೂರ್ತಿ 35 ಲಕ್ಷ ಹೊರಹೋಗತೊಡಗಿತು. ಆ ಹೊತ್ತಿಗೆ ಹರಿಹರದವರೆಗೆ ರೈಲೂ ಬಂದಿತ್ತು. ದಾವಣಗೆರೆಯ ಹತ್ತಿಯ ಅಂಡಿಗೆಗಳು ಅದರಲ್ಲಿಯೇ ಹೋಗುತ್ತಿದ್ದವು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ, ಕಪ್ಪದಲ್ಲಿ ಹತ್ತೂವರೆ ಲಕ್ಷ ರೂಪಾಯಿ ಇಳಿಸುವುದಾಗಿ ವೈಸರಾಯ್ ಘೋಷಿಸಿದರು. ಸಂಸ್ಥಾನದಲ್ಲೆಲ್ಲ ಸಂತೋಷ. ಮೂವತ್ತೈದರಲ್ಲಿ ಹತ್ತೂವರೆ ಕಳೆದರೆ ಉಳಿಯುವುದು ಇಪ್ಪತ್ತನಾಲ್ಕೂವರೆ: ಶ್ರೀರಂಗಪಟ್ಟಣ ಬಿದ್ದ ವರ್ಷ ಬರೆದಿಟ್ಟ ಅದೇ ಸಂಖ್ಯೆ.